ಕಟ್ಟುಗಳ ಹಿಂದಿನ ಕಿಟಕಿ

ಹೋದ ತಿಂಗಳು ಒಂದು ಮದುವೆ ಮನೆಯಲ್ಲಿ ನನ್ನ ಮಾನ ಹೋಯಿತು. ಎರಡನೇ ಪಂಕ್ತಿ ಎದ್ದಿತ್ತು, ಮೂರನೇ ಪಂಕ್ತಿಗೆ ಎಲೆ ಹಾಕುವುದಕ್ಕೆ ಇನ್ನೂ ಹೊತ್ತಿತ್ತು. ಊಟದ ಹಾಲಿನಲ್ಲಿ ಒಂದು ನರಪಿಳ್ಳೆ ಇಲ್ಲ. ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಅಷ್ಟೂ ಟ್ಯೂಬ್‌ಲೈಟು, ಅಷ್ಟೂ ಫ್ಯಾನು. ನನ್ನ ಕೈ ನನ್ನನ್ನು ಒಂದು ಮಾತು ಕೇಳದೆ ಗೋಡೆ ಕಡೆ ಹೋಯಿತು. ಸಾಲಾಗಿ ಟಪಟಪ ಎಂದು ಆರಿಸಿಕೊಂಡು ಬಂದೆ. ಪಕ್ಕದ ರೂಮಿನಲ್ಲಿ ಆರತಕ್ಷತೆಗೆ ಮದುಮಗಳ ಅಲಂಕಾರ ನಡೆದಿತ್ತಂತೆ. ಆ ರೂಮಿನ ಸ್ವಿಚ್ಚೂ ಅದೇ ಬೋರ್ಡಿನಲ್ಲಿತ್ತಂತೆ. ನನಗೇನು ಗೊತ್ತು?

“ಯಾವನ್ಲಾ ಅವ್ನು ಲೈಟ್ ತೆಗ್ದೋನು?” ಎಂದು ಒಳಗಿಂದ ಒಂದು ಹೆಣ್ಣುದನಿ ಗುಡುಗಿತು. ನನ್ನ ಹೆಂಡತಿ ಒಂದು ಕ್ಷಣ ಕೂಡ ಯೋಚಿಸಲಿಲ್ಲ. “ಇನ್ಯಾರು, ನಮ್ಮನೆಯೋರು” ಎಂದು ಬೆರಳು ತೋರಿಸಿಬಿಟ್ಟಳು.

ನಿಮ್ಮ ನೆಂಟರಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಹೋದವರ ಮನೆಯಲ್ಲಿ ಕಾಫಿ ಕುಡಿಯುವುದಕ್ಕೆ ಮುಂಚೆ ಬಚ್ಚಲುಮನೆಯ ದೀಪ ಆರಿಸಿ ಬರುವವನು. ಮಕ್ಕಳು ಇದನ್ನು ಜಿಪುಣತನ ಎನ್ನುತ್ತಾರೆ. ಅಲ್ಲ. ಇದು ಮಳವಳ್ಳಿಯಲ್ಲಿ ಸರ್ಕಾರಿ ಆರ್ಡರಿನ ಮೇಲೆ ನನಗೆ ಹತ್ತಿದ ಕಾಯಿಲೆ. ಬಿಡಿಸಿ ಹೇಳುತ್ತೇನೆ.

ಪೂರಿಗಾಲಿ ನಮ್ಮೂರು. ನಾನು ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ನಮ್ಮ ಮನೆಗೆ ಕರೆಂಟು ಬಂದಿರಲಿಲ್ಲ. ಹಾಗಂತ ಕತ್ತಲೆಯಲ್ಲಿ ಬೆಳೆದೆ ಎಂದು ಬರೆದುಕೊಂಡರೆ ಸುಳ್ಳಾಗುತ್ತದೆ. ನಮ್ಮದು ನಾಡಹೆಂಚಿನ ಮನೆ. ನಡುಮನೆಯ ಮೇಲೆ ನಮ್ಮಪ್ಪ ನಾಲ್ಕು ಹೆಂಚು ತೆಗೆದು ಅಲ್ಲೊಂದು ಗಾಜು ಕೂರಿಸಿದ್ದ. ಬಿಸಿಲು ಅದರೊಳಗಿಂದ ಇಳಿದು ನೆಲದ ಮೇಲೆ ಮೊರದಗಲ ಬೀಳುತ್ತಿತ್ತು. ಆ ಮೊರದಗಲದ ಬಿಸಿಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಹತ್ತು ಗಂಟೆಗೆ ಬೀಸುವ ಕಲ್ಲಿನ ಹತ್ತಿರ, ಹನ್ನೆರಡಕ್ಕೆ ಕಂಬದ ಬುಡ, ಮೂರಕ್ಕೆ ರಾಗಿ ತುಂಬಿದ ವಾಡೆಯ ಪಕ್ಕ. ರಜೆಯ ದಿನ ನಾನು ಪುಸ್ತಕ ಹಿಡಿದು, ಚಾಪೆ ಎಳೆದುಕೊಂಡು ಅದರ ಹಿಂದೆ ಹೋಗುತ್ತಿದ್ದೆ. ಅವ್ವ ರಾಗಿ ಬೀಸುತ್ತಾ, “ಅಂಗೇ ಎಳ್ಕೊಂಡೋಗು, ಸಾಯಂಕಾಲಕ್ಕೆ ವಾಡೆ ಒಳ್ಗೇ ಓಯ್ತೀಯ” ಎಂದು ನಗುತ್ತಿದ್ದಳು. ನನಗೆ ಇವತ್ತಿಗೂ ಭೂಗೋಳ ಬೀಸುವ ಕಲ್ಲಿನ ಹತ್ತಿರ, ಲೆಕ್ಕ ವಾಡೆಯ ಹತ್ತಿರ ನೆನಪಿಗೆ ಬರುತ್ತವೆ.

ಮೊದಲ ಸಲ ಕರೆಂಟು ದೀಪ ಮನಸಾರೆ ನೋಡಿದ್ದು ಬ್ಲಫಿನಲ್ಲಿ, ನಮ್ಮ ಕಡೆ ಕರೆಂಟು ತಯಾರಿಸುವವರ ಕಾಲೋನಿಯಲ್ಲಿ. ನನ್ನ ಸೋದರಮಾವ ಅಲ್ಲಿ ತೋಟದ ಕೆಲಸಕ್ಕಿದ್ದ. ಒಂದು ಸಾಯಂಕಾಲ ಅವನ ಜೊತೆ ರಸ್ತೆಯಲ್ಲಿ ನಿಂತಿದ್ದಾಗ ಅಲ್ಲಿಂದ ಇಲ್ಲಿಯವರೆಗಿನ ದೀಪಗಳೆಲ್ಲ ಒಂದೇ ಸಲ ಹೊತ್ತಿಕೊಂಡವು. ನಮ್ಮೂರಲ್ಲಿ ಒಂದೊಂದು ದೀಪ ಹಚ್ಚಲು ಒಂದೊಂದು ಹೆಂಗಸು ಬೇಕು. “ಮಾವ, ಇಷ್ಟು ದೀಪ ಹಚ್ಚಾಕೆ ಎಷ್ಟು ಜನ ಇದ್ದಾರೆ?” ಎಂದೆ. “ಒಬ್ನೇ ಕಣ್ಲಾ. ಗ್ವಾಡೆ ಮೇಲಿಂದ ಒತ್ತುದ್ರೆ ಆಯ್ತು” ಎಂದ. “ಆರ್ಸಾಕೆ?” “ಅದುಕ್ಕೂ ಅವ್ನೇ.” ಹಚ್ಚುವ ಕೆಲಸ ಸಿಗಲಿ ಎಂದು ಆವತ್ತು ಮನಸ್ಸಿನಲ್ಲೇ ಬೇಡಿಕೊಂಡೆ. ಸಿಕ್ಕಿದ್ದು ಆರಿಸುವ ಕೆಲಸ.

ಮಂಡ್ಯದಲ್ಲಿ ಬಿ.ಎ. ಓದಿದೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವರಲ್ಲಿ ನಾನು ಎರಡನೆಯವನು, ಡಿಗ್ರಿ ತಗೊಂಡವರಲ್ಲಿ ಮೊದಲನೆಯವನು. ಎಪ್ಪತ್ತರ ದಶಕದಲ್ಲಿ ಆ ಎರಡಕ್ಷರಕ್ಕೆ ನಾನು ಪಟ್ಟ ಪಾಡಿದೆಯಲ್ಲ, ಅದನ್ನು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆಯಿಲ್ಲ. ಹಾಸ್ಟೆಲಿನಲ್ಲಿ ಎರಡು ಅಂಗಿಯಲ್ಲಿ ಮೂರು ವರ್ಷ ಕಳೆದವನು ನಾನು. ಮಳವಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ ದಿನ, ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ದೊಡ್ಡದಾಗಿ ಬಿ.ಎ. ಎಂದು ಬರೆದೆ. ಹಾಜರಿ ಪುಸ್ತಕದಲ್ಲಿ ಯಾರೂ ಹಾಗೆ ಬರೆಯುವುದಿಲ್ಲ.

ಅದನ್ನು ಮೊದಲು ಹಿಡಿದವರು ನಮ್ಮ ಹೆಡ್ ಕ್ಲಾರ್ಕ್ ನಂಜುಂಡಯ್ಯನವರು. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು, “ಇದೇನಯ್ಯ, ಹೆಸರಿಗಿಂತ ಬಾಲ ಉದ್ದ ಇದೆ?” ಎಂದರು. ಆವತ್ತಿನಿಂದ ನನ್ನ ಹೆಸರೇ ಬಿ.ಎ. ಆಯಿತು. “ಏನಯ್ಯ ಬಿ.ಎ., ಈ ವಾಕ್ಯಕ್ಕೆ ತಲೆ ಇದೆ, ಕಾಲೆಲ್ಲಿ?” “ಬಿ.ಎ., ‘ಸದರಿ’ ಅಂತ ಒಂದು ಪುಟದಲ್ಲಿ ಹನ್ನೊಂದು ಸಲ ಬರೆದಿದ್ದೀಯ. ನಿನಗೆ ಬೇರೆ ಪದ ಕಲಿಸೋಕೆ ಯೂನಿವರ್ಸಿಟಿಯೋರಿಗೆ ಟೈಮಿರಲಿಲ್ವೇನಯ್ಯ?”

ಅವರು ಮಳವಳ್ಳಿ ಪೇಟೆಯವರು. ಅವರಪ್ಪ, ಅವರ ತಾತ ಎಲ್ಲರೂ ಕಚೇರಿಯಲ್ಲೇ ಬರೆದು ಬದುಕಿದವರು. ಅವರಿಗೆ ಡಿಗ್ರಿ ಇರಲಿಲ್ಲ, ಆದರೆ ಡ್ರಾಫ್ಟು ಬರೆಯುವುದರಲ್ಲಿ ಅವರ ಮುಂದೆ ಜಿಲ್ಲೆಯಲ್ಲಿ ಯಾರೂ ಇರಲಿಲ್ಲ. ನಾನು ಬರೆದುಕೊಟ್ಟ ಪ್ರತಿ ಕಾಗದವೂ ಅವರ ಮೇಜಿನಿಂದ ಕೆಂಪು ಮಸಿಯಲ್ಲಿ ಮಿಂದು ವಾಪಸು ಬರುತ್ತಿತ್ತು. “ಮೇಲಿನೋರಿಗೆ ಅನುಮಾನ ಉಳೀಬಾರ್ದು, ನಮಗೆ ಒಂದು ದಾರಿ ಉಳಿದಿರಬೇಕು. ಹಾಗೆ ಬರಿ” ಎನ್ನುತ್ತಿದ್ದರು. ಬಿ.ಎ.ಯಲ್ಲಿ ಯಾರೂ ಕಲಿಸದ ವಿದ್ಯೆ ಅದು.

ಇನ್ನು ಆ ಕಚೇರಿ. ದಪ್ಪ ಗೋಡೆಯ ಹಳೇ ಕಟ್ಟಡ. ಒಳಗೆ ಕಾಲಿಟ್ಟರೆ ಹಗಲು ಹನ್ನೊಂದು ಗಂಟೆಗೂ ಮುಸ್ಸಂಜೆ. ಗೋಡೆಗೆ ಸುಣ್ಣ ಕಂಡು ಎಷ್ಟು ವರ್ಷವಾಗಿತ್ತೋ, ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ಎಂಟು ಬಲ್ಬು ಬೆಳಿಗ್ಗೆಯಿಂದ ಸಂಜೆಯವರೆಗೆ ಉರಿಯುತ್ತಿದ್ದವು. ಅದರಲ್ಲಿ ದೊಡ್ಡದು ನಂಜುಂಡಯ್ಯನವರದು. ಮಾದಯ್ಯ ಎಂಬ ನಮ್ಮ ಜವಾನ, ಅವರಿಗಿಂತ ಎರಡೇ ವರ್ಷ ಚಿಕ್ಕವನು, ಅದರ ವೈರನ್ನು ಉದ್ದ ಮಾಡಿ ಅವರ ಹಣೆಯ ಮಟ್ಟಕ್ಕೆ ಇಳಿಬಿಟ್ಟಿದ್ದ. ಎದ್ದಾಗಲೆಲ್ಲ ಅವರ ತಲೆಗೆ ಬಡಿಯುತ್ತಿತ್ತು. ಅದನ್ನು ಮೇಲೆ ಕಟ್ಟಲು ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ.

ಆ ವರ್ಷ ಮಳೆ ಕೈಕೊಟ್ಟಿತು. ಕಟ್ಟೆಗಳಲ್ಲಿ ನೀರಿಲ್ಲ, ನೀರಿಲ್ಲದೆ ಕರೆಂಟಿಲ್ಲ. ಎಲ್ಲ ಕಚೇರಿಗಳೂ ತಮ್ಮ ಕಟ್ಟಡದಲ್ಲಿ ಕರೆಂಟು ಉಳಿಸಬೇಕು ಎಂದು ಸುತ್ತೋಲೆ ಬಂತು. ಹೇಗೆ ಉಳಿಸಬೇಕೆಂದು ಚರ್ಚಿಸಲು ಮಂಡ್ಯದ ನಮ್ಮ ಮೇಲಿನ ಕಚೇರಿಯಲ್ಲಿ ಸಭೆ. ಸಾಹೇಬರ ಹಿಂದೆ ಫೈಲು ಹಿಡಿದುಕೊಂಡು ನಾನೂ ಹೋಗಿದ್ದೆ. ಬಟ್ಟಬಯಲಿನಂಥ ಹಾಲು, ಸುತ್ತಲೂ ಕಿಟಕಿ, ಕಿಟಕಿಗೆಲ್ಲ ಪರದೆ ಎಳೆದು ಅಷ್ಟೂ ದೀಪ ಹಾಕಿದ್ದರು. ಕರೆಂಟು ಉಳಿಸುವ ಬಗ್ಗೆ ಅಲ್ಲಿ ಮೂರು ಗಂಟೆ ಮಾತಾಡಿದರು. ನಡುವೆ ಒಂದು ಸಲ ಕರೆಂಟು ಹೋಯಿತು. ಆಗ ಪರದೆ ಸರಿಸಿದರು. ಬಂದ ಕೂಡಲೇ ಮತ್ತೆ ಎಳೆದರು.

ವಾಪಸು ಬಂದ ಸಾಹೇಬರು, “ನೀನು ಓದಿದೋನು, ಇದನ್ನ ನೀನೇ ನೋಡ್ಕೋ” ಎಂದರು. ನನ್ನ ಎದೆ ಎರಡಂಗುಲ ಮುಂದೆ ಬಂತು.

ಸರ್ಕಾರದಲ್ಲಿ ಏನನ್ನೇ ಉಳಿಸಬೇಕಾದರೂ ಮೊದಲು ಒಂದು ರಿಜಿಸ್ಟರು ತೆರೆಯಬೇಕು. ತೆರೆದೆ. ಬಲ್ಬುಗಳಿಗೆ ಬಣ್ಣದಲ್ಲಿ ನಂಬರು ಬರೆಸಿದೆ. ಯಾವ ನಂಬರು, ಹೊತ್ತಿಸಿದ ಸಮಯ, ಆರಿಸಿದ ಸಮಯ, ಕಾರಣ, ಸಹಿ ಎಂದು ಗೆರೆ ಎಳೆದೆ. ಒಂದು ವಾರವಾದ ಮೇಲೆ ನೋಡಿದರೆ ಕಾರಣದ ಕಾಲಮಿನಲ್ಲಿ ಮೇಲಿಂದ ಕೆಳಗಿನವರೆಗೆ ‘ಕತ್ತಲೆ’, ‘ಕತ್ತಲೆ’, ‘ಮೇಲಿನಂತೆ’. ರಿಜಿಸ್ಟರು ತೂಗುಹಾಕಿದ ಮೂಲೆ ಬೇರೆ ಎಲ್ಲಕ್ಕಿಂತ ಕತ್ತಲೆ. ಅದರಲ್ಲಿ ಬರೆಯಬೇಕೆಂದರೆ ಐದನೇ ನಂಬರು ಹಾಕಬೇಕು. ಐದನೇ ನಂಬರು ಹಾಕಿದ್ದಕ್ಕೆ ಮತ್ತೆ ಬರೆಯಬೇಕು.

ಮಾದಯ್ಯ ಒಂದು ದಿನ ಸೊಂಟದ ಮೇಲೆ ಕೈಯಿಟ್ಟು ನಿಂತ. “ಇದೊಳ್ಳೆ ಕತೆ ಆಯ್ತಲ್ಲ ಬುಡಿ ಸಾ. ಬರಿಯಾಕೆ ಅಂತ ದೀಪ ಆಕದು, ದೀಪ ಆಕಿದ್ಕೆ ಅಂತ ಬರಿಯಾದು. ನಮ್ ದನವೂ ಇಂಗೆ ಸುತ್ತಾಕಿಲ್ಲ.”

ಅಷ್ಟರಲ್ಲಿ ಮದ್ದೂರಿನ ನಮ್ಮ ಇಲಾಖೆಯವರು ಒಂದೂ ಬಲ್ಬು ಹಚ್ಚದೆ ಕಚೇರಿ ನಡೆಸುತ್ತಿದ್ದಾರೆಂದು ಸುದ್ದಿ ಬಂತು. ನೋಡಿಕೊಂಡು ಬಾ ಎಂದು ನನ್ನನ್ನು ಕಳಿಸಿದರು. ಹೋಗಿ ನೋಡುತ್ತೇನೆ, ಒಳಗೆ ಇಲಿಗಳ ಹೊರತು ಯಾರೂ ಇಲ್ಲ. ಅಷ್ಟೂ ಮೇಜು ಕುರ್ಚಿ ಹೊರಗೆ ಜಗಲಿಗೆ ಹೊತ್ತು ತಂದು ಹಾಕಿಕೊಂಡು, ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಿಕೊಂಡು ಕೆಲಸ ಮಾಡುತ್ತಿದ್ದಾರೆ. “ಹೆಂಗೆ ನಮ್ ಪ್ಲಾನು?” ಎಂದು ಅಲ್ಲಿನ ಗುಮಾಸ್ತರೊಬ್ಬರು ಕೇಳಿ ಬಾಯಿ ಮುಚ್ಚಿರಲಿಲ್ಲ, ಬರಬೇಕಾದ ಕಡೆ ಬಾರದ ಮಳೆ ಆ ದಿನ ಮದ್ದೂರಿಗೆ ಬಂತು. ಎಲ್ಲರೂ ಹೋ ಎಂದು ಎದ್ದು ಮೇಜು ಹೊತ್ತರು. ನಾನೂ ಒಂದು ಕಾಲು ಹಿಡಿದೆ. ಮಳೆ ನಿಂತ ಮೇಲೆ ಮತ್ತೆ ಹೊರಗೆ ಹೊತ್ತೆವು. ಕರೆಂಟಂತೂ ಉಳಿದಿತ್ತು, ಸುಳ್ಳು ಹೇಳಬಾರದು.

ನಾನು ಬೇರೆ ದಾರಿ ಹಿಡಿದೆ. ಎಂಟು ಬಲ್ಬಿನಲ್ಲಿ ನಾಲ್ಕನ್ನು ತೆಗೆಯುವುದು ಎಂದು ತೀರ್ಮಾನ ಮಾಡಿದೆ. ಚಿಕ್ಕವರ ಬಲ್ಬು ತೆಗೆದು ದೊಡ್ಡವರದನ್ನು ಬಿಟ್ಟರೆ ನಾಲ್ಕು ಜನ ಏನೆಂದಾರು? ನಿಷ್ಪಕ್ಷಪಾತ ತೋರಿಸಬೇಕಲ್ಲ. ಮೊದಲ ಏಟಿಗೆ ನಂಜುಂಡಯ್ಯನವರ ದೊಡ್ಡ ಬಲ್ಬಿಗೇ ಕೈಹಾಕಿದೆ. ಸ್ಟೂಲು ಹತ್ತಬೇಕಾಗಿಯೂ ಇರಲಿಲ್ಲ, ಕೈಗೆಟುಕುವಂತೆ ತೂಗುತ್ತಿತ್ತು. ಅವರು ಕುರ್ಚಿಯಲ್ಲಿ ಕೂತಿದ್ದ ಹಾಗೇ ತಲೆಯೆತ್ತಿ ನನ್ನ ಕಡೆ ನೋಡಿದರು. ಏನೋ ಹೇಳಬೇಕೆಂದು ಬಾಯಿ ತೆರೆದರು. ಮತ್ತೆ, “ಆರ್ಡರು ಅಂದ್ಮೇಲೆ ಆರ್ಡರು. ತೆಗಿಯಯ್ಯ” ಎಂದರು. ಬಲ್ಬು ಬಿಸಿಯಾಗಿತ್ತು. ಪಂಚೆಯ ಚುಂಗಿನಲ್ಲಿ ಹಿಡಿದು ತೆಗೆದೆ.

ಅದಾದ ಮೇಲೆ ಒಂದು ಆಶ್ಚರ್ಯ ನಡೆಯಿತು. ನನ್ನ ಡ್ರಾಫ್ಟುಗಳಿಗೆ ಕೆಂಪು ಮಸಿ ಬೀಳುವುದು ನಿಂತಿತು. ನಂಜುಂಡಯ್ಯನವರು, “ಓದಯ್ಯ, ಕೇಳ್ತೀನಿ” ಎನ್ನುವರು. ನಾನು ಓದುವೆ. “ಹೂಂ” ಎಂದು ಸಹಿ ಹಾಕುವರು. ಒಂದು ವಾರ, ಎರಡು ವಾರ, ಒಂದು ತಿಂಗಳು. ಒಂದು ಗೀಟಿಲ್ಲ, ಒಂದು ಕಾಮಾ ಬದಲಾವಣೆ ಇಲ್ಲ. ಕೊನೆಗೂ ಕಲಿತುಬಿಟ್ಟೆ ಎಂದುಕೊಂಡೆ. ಒಂದು ಭಾನುವಾರ ಅಂಥ ಒಂದು ಕಾಗದದ ನಕಲನ್ನು ಪೂರಿಗಾಲಿಗೆ ತೆಗೆದುಕೊಂಡು ಹೋಗಿ ಓದಲು ಬಾರದ ಅವ್ವನ ಮುಂದೆ ಹಿಡಿದು, “ನೋಡವ್ವ, ಒಂದೂ ಕೆಂಪಿಲ್ಲ” ಎಂದೆ. ಅವಳು ಅದನ್ನು ತಿರುವಿ ಮುರುವಿ ನೋಡಿ, ಸೆರಗಿನಲ್ಲಿ ಒರೆಸಿ, ದೇವರ ಗೂಡಿನಲ್ಲಿಟ್ಟಳು. ಎಂಥ ಪೆದ್ದ ನಾನು!

ಎರಡನೇ ತಿಂಗಳು ಮಂಡ್ಯದಿಂದ ನಮ್ಮದೇ ಒಂದು ಕಾಗದ ವಾಪಸು ಬಂತು. ಹೆಡ್ ಕ್ಲಾರ್ಕರ ಸಹಿ ಕಾಗದದ ಬುಡದಲ್ಲಿರುವ ಬದಲು ವಿಷಯದ ನಟ್ಟನಡುವೆ ಬಿದ್ದಿತ್ತು. ಸಾಹೇಬರು ನಕ್ಕು ಸುಮ್ಮನಾದರು. ಹದಿನೈದು ದಿನಕ್ಕೆ ಇನ್ನೊಂದು ಬಂತು. ಅದರಲ್ಲಿ ಸಹಿ ತಲೆಕೆಳಗಾಗಿತ್ತು. ಈ ಸಲ ಸಾಹೇಬರು ನಗಲಿಲ್ಲ. ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು.

“ನಂಜುಂಡಯ್ಯನೋರಿಗೆ ಕಣ್ಣು ಕಾಣುತ್ತೇನಪ್ಪ?”

“ಕಾಣುತ್ತೆ ಸಾರ್” ಎಂದೆ. ಹಾಗೆನ್ನುವಾಗಲೇ ನನಗೆ ಎಲ್ಲ ಅರ್ಥವಾಗಿ ಹೋಯಿತು. ಮೂಗಿಗೆ ಹಿಡಿಯುತ್ತಿದ್ದ ಹಾಜರಿ ಪುಸ್ತಕ, ಹಣೆಯ ಮಟ್ಟಕ್ಕೆ ಇಳಿಬಿಟ್ಟ ಬಲ್ಬು, “ಓದಯ್ಯ, ಕೇಳ್ತೀನಿ.”

“ಮುಂದಿನ ತಿಂಗಳು ಮಂಡ್ಯದಿಂದ ತನಿಖೆಗೆ ಬರ್ತಾರೆ. ಅವರ ಮುಂದೆ ಹೀಗಾದ್ರೆ ಡಾಕ್ಟರ ಬೋರ್ಡಿಗೆ ಬರೀತಾರೆ. ಕೆಲಸಕ್ಕೆ ಲಾಯಕ್ಕಿಲ್ಲ ಅಂತ ಮನೆಗೆ ಕಳಿಸ್ತಾರೆ. ಇನ್ನು ಒಂದೂವರೆ ವರ್ಷ ಸರ್ವೀಸಿದೆ ಪಾಪ. ನಾನು ಅಡ್ಡ ಬರೋಕಾಗಲ್ಲ” ಎಂದರು ಸಾಹೇಬರು.

ನನ್ನ ಮೇಜಿಗೆ ಬಂದು ಎರಡು ತಿಂಗಳ ನಕಲುಗಳನ್ನು ಬಿಡಿಸಿದೆ. ಮೊದಲನೆಯದರಲ್ಲೇ ‘ಸದರಿ’ ಒಂಬತ್ತು ಸಲ ಇತ್ತು.

ಮಾರನೆಯ ದಿನ ಎಲ್ಲರಿಗಿಂತ ಮುಂಚೆ ಹೋಗಿ ಬಲ್ಬನ್ನು ತಿರುಗಿ ಹಾಕಲು ಕೈಯೆತ್ತಿದ್ದೆ. ಅಷ್ಟರಲ್ಲಿ ನಂಜುಂಡಯ್ಯನವರು ಬಂದರು. “ಬೇಡ ಕಣಯ್ಯ” ಎಂದರು ಮೆತ್ತಗೆ. “ನೀನೇ ತೆಗೆದದ್ದನ್ನ ನೀನೇ ಹಾಕಿದ್ರೆ, ಯಾಕೆ ಅಂತ ಇಡೀ ಆಫೀಸು ಕೇಳುತ್ತೆ. ಏನು ಹೇಳ್ತೀಯ?” ನನಗೆ ಗೊತ್ತಾಗಿದೆ ಎಂದು ಅವರಿಗೂ ಗೊತ್ತಾಯಿತು. ಬಲ್ಬು ಹಿಡಿದುಕೊಂಡು ಹಿಂದಿನ ಅಂಗಳಕ್ಕೆ ಹೋದೆ. ಅಲ್ಲಿ ಸುಮ್ಮನೆ ನಿಂತು ಕಟ್ಟಡ ನೋಡುತ್ತಿದ್ದವನಿಗೆ ಏನೋ ಲೆಕ್ಕ ತಪ್ಪಿದಂತೆ ಕಂಡಿತು. ಹೊರಗಿನಿಂದ ಎಣಿಸಿದರೆ ಆ ಗೋಡೆಗೆ ಮೂರು ಕಿಟಕಿ. ಒಳಗೆ ಬಂದು ಎಣಿಸಿದೆ, ಎರಡು.

ಮೂರನೆಯದು ನಂಜುಂಡಯ್ಯನವರ ಕುರ್ಚಿಯ ಪಕ್ಕದಲ್ಲೇ ಇತ್ತು. ಅದರ ಮುಂದೆ ನೆಲದಿಂದ ತೊಲೆಯವರೆಗೆ ಹಳೇ ರೆಕಾರ್ಡಿನ ಕಟ್ಟುಗಳನ್ನು, ಕೆಂಪು ಬಟ್ಟೆಯ ಗಂಟುಗಳನ್ನು, ಒಟ್ಟಿದ್ದರು. ಯಾವುದೋ ಕಾಲದಲ್ಲಿ ಮುಚ್ಚಿಹೋದ ಒಂದು ಶಾಖೆಯ ಕಾಗದಗಳು. ಅದರ ಗುಮಾಸ್ತ ವರ್ಗವಾಗಿ ಹೋದ, ಅವನಿಂದ ಯಾರೂ ಚಾರ್ಜು ತೆಗೆದುಕೊಳ್ಳಲಿಲ್ಲ. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಿಕ್ಕವರಿಗೆ ಹೇಳುತ್ತೇನೆ. ಆ ಕಟ್ಟುಗಳನ್ನು ಯಾರು ಮೊದಲು ಮುಟ್ಟುತ್ತಾರೋ ಅವರು ಅವಕ್ಕೆ ಜವಾಬ್ದಾರರು. ಒಂದು ಹಾಳೆ ಕಾಣೆಯಾಗಿದ್ದರೂ ಅವರೇ ಕಳೆದಂತೆ. ಹಾಗಾಗಿ ಯಾರೂ ಮುಟ್ಟಿರಲಿಲ್ಲ. ಅಷ್ಟು ವರ್ಷಗಳಿಂದ ಎಂಟು ಬಲ್ಬು ಹಗಲೆಲ್ಲ ಉರಿದದ್ದು ಕರೆಂಟು ಹೆಚ್ಚಾಗಿಯಲ್ಲ, ಎಲ್ಲರಿಗೂ ಹೆದರಿಕೆಯಾಗಿ.

“ನಾನು ಚಾರ್ಜು ತಗೋತೀನಿ” ಎಂದೆ.

ನಂಜುಂಡಯ್ಯನವರು ಸಿಡಿದರು. “ತಲೆ ಕೆಟ್ಟಿದೆಯೇನಯ್ಯ? ನಿನ್ನ ಪ್ರೊಬೇಷನ್ ಮುಗಿದಿಲ್ಲ. ಒಳಗೆ ಏನು ಹೋಗಿದೆಯೋ, ಏನು ಗೆದ್ದಲು ತಿಂದಿದೆಯೋ. ಮೂರು ವರ್ಷ ಹಾಸ್ಟೆಲಲ್ಲಿ ಉಪವಾಸ ಬಿದ್ದು ಓದಿದ್ದು ಇದಕ್ಕೇನು? ಯಾರಿಗೋಸ್ಕರ?”

“ಕರೆಂಟು ಉಳಿಸೋಕೆ ಸಾರ್. ಆರ್ಡರು ಅಂದ್ಮೇಲೆ ಆರ್ಡರು.”

ಅವರು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ, “ಹಾಳೆ ತಗೋ, ಬರ್ಕೋ” ಎಂದರು. ಕಣ್ಣು ಮುಚ್ಚಿಕೊಂಡು, ಒಂದೇ ಉಸಿರಿಗೆ ಹೇಳಿದರು. ಕಟ್ಟಡದಲ್ಲಿ ವಿದ್ಯುತ್ ಉಳಿತಾಯದ ಸಲುವಾಗಿ ಸ್ಥಳಾಂತರಿಸುವ ಮಟ್ಟಿಗೆ ಮಾತ್ರ, ಬಿಚ್ಚದೆ, ಎಣಿಸಿ, ಕಂಡ ಸ್ಥಿತಿಯಲ್ಲಿ ವಹಿಸಿಕೊಳ್ಳಲಾಗಿದೆ. ಆ ‘ಕಂಡ ಸ್ಥಿತಿಯಲ್ಲಿ’ ಎಂಬ ಎರಡು ಪದಗಳಲ್ಲಿ ನನ್ನ ಇಡೀ ನೌಕರಿ ಕ್ಷೇಮವಾಗಿ ಕೂತಿತ್ತು. ನಾನು ಸಹಿ ಹಾಕಿದೆ. ಅವರು ಕೈಚಾಚಿ, “ಬೆರಳಿಟ್ಟು ತೋರಿಸು, ಎಲ್ಲಿ?” ಎಂದರು. ತೋರಿಸಿದೆ. ನನ್ನ ಹೆಸರಿನ ಕೆಳಗೆ ತಮ್ಮದನ್ನೂ ಹಾಕಿದರು. ಈ ಸಲ ಸರಿಯಾದ ಜಾಗದಲ್ಲಿ, ನೆಟ್ಟಗೆ. ಸಾಹೇಬರೂ ಓದಿ ಒಪ್ಪಿಗೆ ಕೊಟ್ಟರು.

ಕಟ್ಟು ಸರಿಸಿದ್ದು ಸಂತೆಯ ದಿನ. ಸಂತೆಗೆ ಬಂದಿದ್ದ ನಮ್ಮವ್ವ ಉಪ್ಪುಸಾರು ಮುದ್ದೆ ಕಟ್ಟಿಕೊಂಡು ಕಚೇರಿಗೆ ಬಂದಳು. ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ಒಳಗೆ ನೋಡಿದಳು.

“ಅಯ್ಯೋ ನನ್ ಮಗನೆ, ಬಿ.ಎ. ಓದಿ ಅಗೇವಿನೊಳ್ಗೆ ಕೂತಿದ್ದೀಯಲ್ಲಪ್ಪ!” ಎಂದಳು. ಹಗೇವು ಎಂದರೆ ನಮ್ಮ ಕಡೆ ನೆಲದೊಳಗೆ ರಾಗಿ ತುಂಬಿಡುವ ಗುಂಡಿ. ಇಡೀ ಕಚೇರಿ ನಕ್ಕಿತು. ನನ್ನನ್ನು ಬಿಟ್ಟು.

ನಾನು, ಮಾದಯ್ಯ ಇಬ್ಬರೇ ಕಟ್ಟು ಇಳಿಸುತ್ತಿದ್ದೆವು. ಮಿಕ್ಕವರು ದೂರದಲ್ಲಿ ಕೈಕಟ್ಟಿಕೊಂಡು ನೋಡುತ್ತಿದ್ದರು. ಎಲ್ಲಿ ಬೆರಳು ತಗುಲಿ ಜವಾಬ್ದಾರಿ ಅಂಟಿಬಿಡುತ್ತದೋ ಎಂದು. ಅವ್ವ ಒಂದು ಗಳಿಗೆ ನೋಡಿದಳು. ಮುದ್ದೆಯ ಗಂಟು ಮೇಜಿನ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದೇಬಿಟ್ಟಳು.

“ಅಮ್ಮ, ಅಮ್ಮ, ನೀವು ಮುಟ್ಟಬಾರದು, ಅದು ಸರ್ಕಾರದ ರೆಕಾರ್ಡು” ಎಂದರು ನಂಜುಂಡಯ್ಯನವರು ಗಾಬರಿಯಾಗಿ.

“ಅಲ್ಲಾ ಸ್ವಾಮಿ, ಇಷ್ಟ್ ಜನ ಗಂಡಸ್ರು ನೋಡ್ಕಂಡ್ ನಿಂತಿದ್ರೆ ಕಟ್ಟು ತಾನೇ ನಡ್ಕಂಡೋಯ್ತದಾ? ಲೇ ಮಗ, ಇಡ್ಕಳ್ಳಾ ಇತ್ಲಾಗೆ.”

ನೂರಾ ಎಪ್ಪತ್ತೆರಡು ಕಟ್ಟು. ಮಾದಯ್ಯ ಎಣಿಸಿದ, ನಾನು ಬರೆದೆ, ಅವ್ವ ಹೊತ್ತಳು. ಕೊನೆಗೆ ಕಿಟಕಿ ಕಂಡಿತು. ಬಾಗಿಲು ತುಕ್ಕಿನಿಂದ ಕಚ್ಚಿಕೊಂಡಿತ್ತು. ಮಾದಯ್ಯ ಹೆಗಲು ಕೊಟ್ಟು ದಬ್ಬಿದ. ಕಿರ್ರೋ ಎಂದು ತೆರೆದುಕೊಂಡದ್ದೇ ತಡ, ಎಷ್ಟೋ ವರ್ಷದ ಧೂಳು ಒಂದೇ ಸಲ ಹೊಳೆಯುತ್ತಾ ಎದ್ದು, ಬಿಸಿಲು ದಬದಬನೆ ಒಳಗೆ ಬಿತ್ತು. ಒಬ್ಬೊಬ್ಬರ ಮುಖ ಒಬ್ಬೊಬ್ಬರಿಗೆ ಹೊಸದಾಗಿ ಕಂಡಂತಿತ್ತು.

ಬೆಳಕೆಲ್ಲ ನಂಜುಂಡಯ್ಯನವರ ಮೇಜಿನ ಮೇಲಿತ್ತು. ಅವರು ಆತುರದಿಂದ ಒಂದು ಫೈಲು ಬಿಡಿಸಿ ಹತ್ತಿರ ಹಿಡಿದರು. ದೂರ ಹಿಡಿದರು. ಕಿಟಕಿಯ ಕಡೆ ವಾಲಿಸಿದರು. ಮತ್ತೆ ಮೆಲ್ಲಗೆ ಮುಚ್ಚಿಟ್ಟರು. ಅಷ್ಟು ಕಷ್ಟಪಟ್ಟು ತಂದ ಬೆಳಕು ಅವರ ಮುಖದ ಮೇಲೇ ಬಿದ್ದಿತ್ತು. ಅವರಿಗೆ ಕಾಣಲಿಲ್ಲ.

ಅವ್ವ ಅವರನ್ನು ನೆಟ್ಟ ಕಣ್ಣಿನಿಂದ ನೋಡುತ್ತಿದ್ದಳು. ಹತ್ತಿರ ಹೋಗಿ ಬಗ್ಗಿದಳು.

“ಸ್ವಾಮಿ, ನಿಮ್ ಕಣ್ಣಲ್ಲಿ ಪೊರೆ ಕೂತದೆ ಕಣೇಳಿ. ಎಲ್ಡರಲ್ಲೂ. ಬೆಳ್ಳಗೆ ಕಾಣ್ತದೆ ನೋಡಿ. ಕಿಟ್ಕಿ ತೆಗ್ದಂಗೆ ಅದ್ನೂ ತೆಗುಸ್ಬುಡಿ.”

ವರ್ಷಗಟ್ಟಲೆ ಜೊತೆಯಲ್ಲಿದ್ದ ನಮಗ್ಯಾರಿಗೂ ಆ ಹಳದಿ ಬಲ್ಬಿನಲ್ಲಿ ಕಾಣದ್ದು ಅವಳಿಗೆ ಒಂದು ಗಳಿಗೆಯಲ್ಲಿ ಕಂಡಿತ್ತು. ಇಡೀ ಕಚೇರಿಯ ಮುಂದೆ ಹೇಳಿಯೂಬಿಟ್ಟಳು. ನಾನು ನೆಲ ಬಿರಿಯಲಿ ಎಂದುಕೊಂಡೆ. ನಂಜುಂಡಯ್ಯನವರು ಮಾತ್ರ ಸಿಟ್ಟಾಗಲಿಲ್ಲ.

“ನಮ್ಮಣ್ಣನಿಗೆ ಮಾಡಿಸಿದ್ವಮ್ಮ. ಇದ್ದದ್ದೂ ಹೋಯ್ತು. ಹತ್ತು ವರ್ಷ ಕೈಹಿಡಿದು ನಡೆಸಿದ್ದೀನಿ ಅವನನ್ನ” ಎಂದರು. ಅವರು ಬಚ್ಚಿಟ್ಟುಕೊಂಡಿದ್ದ ಭಯ ಅದು. ಬೋರ್ಡಿಗಿಂತ, ಕೆಲಸಕ್ಕಿಂತ ದೊಡ್ಡದು.

“ಅದು ಯಾವ್ ಕಾಲದ್ ಮಾತು ಸ್ವಾಮಿ? ನಮ್ಮತ್ತೇಗೆ ಓದೊರ್ಸ ಮೈಸೂರಲ್ಲಿ ತೆಗುದ್ರು. ಈಗ ಅಕ್ಕೀಲಿ ಕಲ್ಲು ಆರುಸ್ತಾಳೆ. ನಾನು ಒಲೆ ಮುಂದೆ ಒಸಿ ಬೆಲ್ಲ ಬಾಯ್ಗಾಕಂಡ್ರೂ ಜಗಲೀಲಿ ಕೂತಿದ್ದು ಕಂಡಿಡೀತಾಳೆ. ಅವ್ಳ್ಗೆ ಕಣ್ ಬಂದು ನನ್ಗೆ ಕಷ್ಟ ಆಗದೆ ಕಣಿ!”

ಮೊದಲು ನಕ್ಕವರು ನಂಜುಂಡಯ್ಯನವರೇ.

ಮಾರನೆಯ ವಾರ ನಾನೂ ಅವರ ಮನೆಯವರೂ ಅವರನ್ನು ಮೈಸೂರಿನ ಬಸ್ಸು ಹತ್ತಿಸಿಕೊಂಡು ಹೋದೆವು. ದಾರಿಯುದ್ದಕ್ಕೂ ಅವರು ನನ್ನ ಕೈ ಬಿಡಲಿಲ್ಲ. ನನಗೂ ಭಯ. ಏನಾದರೂ ಹೆಚ್ಚುಕಡಿಮೆಯಾದರೆ, ನಮ್ಮವ್ವನ ಮಾತು ಕೇಳಿ ಕಣ್ಣು ಕಳೆದುಕೊಂಡರು ಎಂದಾಗುತ್ತದಲ್ಲ? ಆಪರೇಷನ್ ಆದ ಮೇಲೆ ತಲೆಯ ಎರಡೂ ಪಕ್ಕ ಮರಳಿನ ಚೀಲವಿಟ್ಟು ಅಲುಗಾಡದಂತೆ ಮಲಗಿಸಿದ್ದರು. ಕನ್ನಡಕ ಕೊಡುವವರೆಗೂ ಏನನ್ನೂ ಹೇಳುವುದಕ್ಕಾಗುವುದಿಲ್ಲ ಎಂದರು ಡಾಕ್ಟರು.

ಇತ್ತ ಕಚೇರಿಯ ಗೋಡೆಗೆ ಸುಣ್ಣ ಹೊಡೆಸಿದೆ. ಮೇಜುಗಳನ್ನು ಬಿಸಿಲು ಬರುವ ದಿಕ್ಕು ನೋಡಿ ತಿರುಗಿಸಿದೆ. ಎಂಟು ಬಲ್ಬಿದ್ದ ಕಡೆ ಎರಡು ಸಾಕಾದವು, ಅವೂ ಸಂಜೆಯ ಹೊತ್ತು ಮಾತ್ರ. ತನಿಖೆಗೆ ಬಂದ ಮಂಡ್ಯದ ಅಧಿಕಾರಿಗಳು ತಿರುಗಾಡಿ ನೋಡಿ ತಲೆದೂಗಿದರು. ನನಗೆ ಬೆನ್ನು ತಟ್ಟುವರೇನೋ ಎಂದು ಬೆನ್ನು ಸ್ವಲ್ಪ ಮುಂದೆ ಕೊಟ್ಟೇ ನಿಂತಿದ್ದೆ. ವಾರ ಕಳೆದು ಅವರ ಪತ್ರ ಬಂತು. ಒಂದೇ ಪ್ರಶ್ನೆ. ಸದರಿ ಕಟ್ಟಡದಲ್ಲಿ ಹೊಸದಾಗಿ ಕಿಟಕಿ ಇಡಿಸಲು ಪೂರ್ವಾನುಮತಿ ಪಡೆಯಲಾಗಿದೆಯೇ?

ಅದಕ್ಕೆ ಉತ್ತರ ನಾನೇ ಬರೆದೆ. ಸದರಿ ಕಿಟಕಿ ಹೊಸದಲ್ಲವೆಂದೂ, ಸದರಿ ಕಿಟಕಿ ಮೊದಲಿನಿಂದಲೂ ಇತ್ತೆಂದೂ, ಸದರಿ ಕಿಟಕಿ ಇರುವುದು ಈ ಕಚೇರಿಯ ಗಮನಕ್ಕೆ ಬಂದಿರಲಿಲ್ಲವೆಂದೂ. ಸಾಹೇಬರು, “ಹೆಡ್ ಕ್ಲಾರ್ಕು ಬರಲಿ, ಆಮೇಲೆ ಕಳಿಸೋಣ” ಎಂದು ತಡೆದಿಟ್ಟರು. ಬರುತ್ತಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಎರಡು ತಿಂಗಳು ಕಳೆದು ಒಂದು ಬೆಳಿಗ್ಗೆ ಬಂದರು. ಸೋಡಾ ಬಾಟಲಿಯ ಬುಡದಂಥ ದಪ್ಪ ಗಾಜಿನ ಕನ್ನಡಕ. ಅದರ ಹಿಂದೆ ಕಣ್ಣುಗಳು ನಿಂಬೆಹಣ್ಣಿನ ಗಾತ್ರ ಕಾಣುತ್ತಿದ್ದವು. ಯಾರ ಕೈಯನ್ನೂ ಹಿಡಿಯದೆ ಮೆಲ್ಲಗೆ ನಡೆದು ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಕೆಲಸ ನಿಂತಿತು, ಎಲ್ಲರೂ ಅವರನ್ನೇ ನೋಡುತ್ತಿದ್ದೆವು. ನಾನು ಹತ್ತಿರ ಹೋಗಿ ನಮಸ್ಕಾರ ಎಂದೆ. ದನಿ ಕೇಳಿ ಅವರು ತಲೆಯೆತ್ತಿದರು. ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

“ಬಿ.ಎ.ನಾ?” ಎಂದರು.

“ಹೂಂ ಸಾರ್.”

“ಇಷ್ಟು ಚಿಕ್ಕ ಹುಡುಗನೇನಯ್ಯ ನೀನು? ಇನ್ನೂ ಮೀಸೆ ಕೂಡ ಸರಿಯಾಗಿ ಬಂದಿಲ್ಲ.” ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ನೀನು ಸೇರೋ ಹೊತ್ತಿಗೇ ನನಗೆ ಮುಖ ಎಲ್ಲ ಮಂಜಾಗಿತ್ತು ಕಣಯ್ಯ. ಗೊತ್ತಿದ್ದಿದ್ರೆ ಅಷ್ಟೊಂದು ಬೈತಿರಲಿಲ್ಲ.”

ಕೈಗೆ ಸಿಕ್ಕಿದ ಫೈಲನ್ನು ಅವರ ಮುಂದಿಟ್ಟೆ. ಅದು ಕಿಟಕಿಯ ಉತ್ತರದ ಫೈಲು. ಅವರು ಅದನ್ನು ಮೂಗಿಗೆ ಹಿಡಿಯಲಿಲ್ಲ, ಮೇಜಿನ ಮೇಲೇ ಹರಡಿಕೊಂಡು ಬೆರಳಿಟ್ಟು ಓದತೊಡಗಿದರು. ಮೊದಲ ಸಾಲು. ಎರಡನೇ ಸಾಲು. ಮೂರನೆಯದಕ್ಕೆ ಬರುವಷ್ಟರಲ್ಲಿ ಮುಖ ಕೆಂಪಾಯಿತು.

“ಯಾವ ಮಹಾನುಭಾವ ಬರೆದದ್ದಯ್ಯ ಇದನ್ನ? ಕಿಟಕಿ ಇರೋದು ಕಚೇರಿಯ ಗಮನಕ್ಕೆ ಬಂದಿರಲಿಲ್ಲ ಅಂತ ಮಂಡ್ಯಕ್ಕೆ ಬರೀತಾರೇನಯ್ಯ? ನಾವೆಲ್ಲ ಕುರುಡರಾ? ಡಿಗ್ರಿ ಕೊಟ್ಟರೋ, ಬೀದೀಲಿ ಬಿದ್ದಿತ್ತು ಎತ್ಕೊಂಡ್ಯೋ? ಸದರಿಯಂತೆ, ಸದರಿ! ಒಂದು, ಎರಡು, ಮೂರು...”

ಗದ್ದಲ ಕೇಳಿ ಸಾಹೇಬರು ತಮ್ಮ ಕೋಣೆಯಿಂದ ಹೊರಗೆ ಬಂದರು. “ಏನು ಮಾದಯ್ಯ, ಏನಿದು ಗಲಾಟೆ?”

ಮಾದಯ್ಯ ಬಾಯ್ತುಂಬ ನಗುತ್ತಾ, “ಏನಿಲ್ಲ ಸಾ” ಎಂದ. “ಎಡ್‌ಕ್ಲಾರ್ಕ್ ಸ್ವಾಮ್ಯೋರ್ಗೆ ಕಣ್ ಬಂತು.”